ತೋಟಗಾರನ ಕತ್ತಿಯೂ ಎಳೆಯ ಮರವೂ

(ಓದತಕ್ಕ ಭಾಗಗಳು: ಯೋಹಾನನ ಸುವಾರ್ತೆ 15ನೆಯ ಅಧ್ಯಾಯ, 1ರಿಂದ 8ನೆಯ ವಚನಗಳು, ಯೆಶಾಯ 53ನೆಯ ಅಧ್ಯಾಯ, 2ನೆಯ ವಚನ)



ನಮ್ಮ ಕರ್ತನ ಜನನದ ಹಬ್ಬವು ಸಮೀಪಿಸಿತು. ಇನ್ನು ಕೆಲವೇ ದಿನಗಳಲ್ಲಿ ನಮ್ಮ ಹಳ್ಳಿಗಳ ಹುಡುಗರು ಕುಡುಗೋಲು ಹಿಡಿದುಕೊಂಡು ಗಾಳಿ ಮರದ, ಅಂದರೆ ಸರ್ವೆ ಮರದ, ಒಂದು ಕೊಂಬೆಯನ್ನು ತರುವದಕ್ಕೆ ಹೊರಡುವರು. ಅದನ್ನು ಮಣ್ಣು ತುಂಬಿದ ಡಬ್ಬಿಯಲ್ಲಿ ನಿಲ್ಲಿಸಿ, ಬಣ್ಣದ ಕಾಗದವನ್ನೂ ನಕ್ಷತ್ರವನ್ನೂ ಕಟ್ಟಿ, ದೇವಾಲಯದ ಮೂಲೆಯಲ್ಲಿ ಇಡುವರು. ಆ ಕೊಂಬೆಯು ಒಂದು ಕಡೆಗೆ ಬಾಗಿರುವದು, ಇನ್ನೊಂದು ಕಡೆಯಲ್ಲಿ ಬರಿದಾಗಿರುವದು. ಆದರೂ ಮಕ್ಕಳ ಸಂತೋಷಕ್ಕೆ ಏನೂ ಕಡಿಮೆಯಿಲ್ಲ. ಕಳೆದ ವರುಷ ಹಬ್ಬದ ಕಾರ್ಡಿನ ಮೇಲೆ ಅಚ್ಚಾದ ಪರದೇಶದ ಮರವನ್ನು ನೋಡಿ ಒಬ್ಬ ಚಿಕ್ಕ ಹುಡುಗಿಯು ನಮ್ಮನ್ನು, "ಮಾಸ್ತರರೇ, ಆ ದೇಶದ ಮರಗಳು ಹುಟ್ಟುವಾಗಲೇ ಗೋಪುರದ ಹಾಗೆ ಹುಟ್ಟುತ್ತವೋ?" ಎಂದು ಕೇಳಿದಳು. ನಮಗೆ ಉತ್ತರ ತೋಚಲಿಲ್ಲ. ಆ ಮೇಲೆ ಅದನ್ನು ಕುರಿತು ಓದಿ ವಿಚಾರಿಸಿ ತಿಳಿದುಕೊಂಡೆವು. ತಿಳಿದುಕೊಂಡದ್ದು ಹುಡುಗಿಗೆ ಮಾತ್ರವಲ್ಲ, ನಮಗೂ ಉಪದೇಶವಾಯಿತು. ಅದನ್ನೇ ಈಗ ನಿಮ್ಮ ಮುಂದೆ ಇಡುತ್ತೇವೆ.

ಹಬ್ಬದಲ್ಲಿ ಮರವನ್ನು ನಿಲ್ಲಿಸುವ ರೂಢಿಯು ರೈನ್ ನದಿಯ ಸೀಮೆಯಲ್ಲಿ ಹಳೆಯದು. 1605ರಲ್ಲಿ ಸ್ಟ್ರಾಸ್‌ಬರ್ಗ್ ಪಟ್ಟಣದ ಜನರು ತಮ್ಮ ಮನೆಗಳಲ್ಲಿ ಫರ್ ಎಂಬ ಮರಗಳನ್ನು ನಿಲ್ಲಿಸಿ, ಕಾಗದದ ಗುಲಾಬಿ ಹೂವುಗಳನ್ನೂ ಸೇಬು ಹಣ್ಣುಗಳನ್ನೂ ತೂಗಹಾಕುತ್ತಿದ್ದರೆಂದು ಒಬ್ಬ ಪ್ರಯಾಣಿಕನು ಬರೆದಿಟ್ಟಿದ್ದಾನೆ. ಅದೇ ನದಿಯ ದಡದಲ್ಲಿರುವ ಬಾಸೆಲ್ ಪಟ್ಟಣದಿಂದಲೇ 1834ರಲ್ಲಿ ಮೂವರು ಬೋಧಕರು ಮಂಗಳೂರಿಗೆ ಬಂದು ಸೇರಿದರು. ಪೂರ್ವಕಾಲದಲ್ಲಿ ಜನರು ಆ ಮರಗಳನ್ನು ಕಾಡಿನಿಂದ ಕಡಿದು ತರುತ್ತಿದ್ದರು. ಅಮೇರಿಕ ದೇಶದಲ್ಲಿಯೂ 20ನೆಯ ಶತಮಾನದ ಮಧ್ಯಭಾಗದ ತನಕ ಹೆಚ್ಚಿನ ಮರಗಳು ಕಾಡಿನಿಂದಲೇ ಬರುತ್ತಿದ್ದವು. ಈಗಲಾದರೋ ಅವುಗಳನ್ನು ನಾವು ಜೋಳವನ್ನು ಬಿತ್ತುವ ಹಾಗೆ ಸಾಲು ಹಿಡಿದು ಹೊಲದಲ್ಲಿ ಬೆಳಿಸುತ್ತಾರೆ. ಉತ್ತರ ಕೆರೊಲಿನಾ ಸೀಮೆಯ ಬೆಟ್ಟಗಳಲ್ಲಿ ಫ್ರೇಸರ್ ಫರ್, ಒರೆಗಾನ್ ಸೀಮೆಯಲ್ಲಿ ಡಗ್ಲಸ್ ಫರ್ ಮತ್ತು ನೋಬಲ್ ಫರ್, ಮಿಶಿಗನ್, ಪೆನ್ಸಿಲ್ವೇನಿಯಾ ಮುಂತಾದ ಕಡೆಗಳಲ್ಲಿ ಸ್ಕಾಟ್ಸ್ ಪೈನ್ ಸಹ, ಹೀಗೆ ನಾನಾ ಜಾತಿಯವುಗಳುಂಟು. ಸಸಿಯು ಮೊದಲು ಕೆಲವು ವರುಷ ಸಸಿಮಡಿಯಲ್ಲಿ ಬೆಳೆದು, ತರುವಾಯ ಹೊಲದಲ್ಲಿ ಸುಮಾರು 6ರಿಂದ 10 ವರುಷ ನಿಂತ ಮೇಲೆಯೇ ಆಳುದ್ದದ ಮರವಾಗುತ್ತದೆ.

ಆ ಮರವು ಹುಟ್ಟಿನಿಂದಲೇ ಗೋಪುರದಂತೆ ಇರುತ್ತದೋ? ಇರುವದಿಲ್ಲ. ಅದರ ನೆತ್ತಿಯ ಚಿಗುರು ಒಂದೊಂದು ವರುಷದಲ್ಲಿ ಎರಡು ಅಡಿಗಳ ತನಕ ಓಡಿಬಿಡುವದುಂಟು. ಆಗ ಒಂದು ಸುತ್ತಿನ ಕೊಂಬೆಗಳಿಗೂ ಅದರ ಮೇಲಿನ ಸುತ್ತಿಗೂ ನಡುವೆ ಬರಿದಾದ ಕಾಂಡವು ಕಾಣಿಸುತ್ತದೆ. ಒಂದು ಪಕ್ಕದ ಕೊಂಬೆಯು ಚಾಚಿಕೊಳ್ಳುತ್ತದೆ, ಇನ್ನೊಂದು ಪಕ್ಕವು ಹಿಂದೆ ಬೀಳುತ್ತದೆ. ಆದದರಿಂದ ನೆಟ್ಟ ಎರಡು ಮೂರು ವರುಷಗಳಾದ ಮೇಲೆ ತೋಟಗಾರನು ಕತ್ತಿಯನ್ನು ಹಿಡಿದುಕೊಂಡು ಸಾಲುಗಳೊಳಗೆ ಬರಲಾರಂಭಿಸುತ್ತಾನೆ. ಅದು ಒಂದೂವರೆ ಅಡಿಯ ತನಕ ಉದ್ದವಾದ, ತೆಳುವಾದ, ಬಹು ಹರಿತವಾದ ಅಲಗು. ಅದನ್ನು ಮೇಲಿನಿಂದ ಕೆಳಕ್ಕೆ ಬೀಸುತ್ತಾ ಮರದ ಸುತ್ತಲೂ ನಡೆಯುತ್ತಾನೆ. ಆರು ಅಡಿ ಎತ್ತರದ ಮರಕ್ಕೆ ಬುಡದಲ್ಲಿ ನಾಲ್ಕು ಅಡಿ ಅಗಲವಿರಬೇಕೆಂಬ ಅಂದಾಜನ್ನು ಕಣ್ಣಿನಲ್ಲಿಟ್ಟುಕೊಂಡು, ಅದರಿಂದ ಹೊರಗೆ ಚಾಚಿದ್ದನ್ನು ಕತ್ತರಿಸುತ್ತಾನೆ. ನೆತ್ತಿಯ ಚಿಗುರನ್ನು ಸುಮಾರು 10ರಿಂದ 14 ಇಂಚುಗಳಷ್ಟು ಉಳಿಸಿ, ಮಿಕ್ಕದ್ದನ್ನು ತೆಗೆದುಹಾಕುತ್ತಾನೆ. ಉತ್ತರ ಕೆರೊಲಿನಾದ ಬೆಟ್ಟಗಳಲ್ಲಿ ಈ ಕೆಲಸವನ್ನು ಮಾಡುವವರಲ್ಲಿ ಅನೇಕರು ಮೆಕ್ಸಿಕೋ ದೇಶದಿಂದ ಕೂಲಿಗೆ ಬಂದ ಬಡವರು. ಹೀಗೆ ವರುಷ ವರುಷವೂ, ಒಂದೊಂದು ಮರಕ್ಕೂ ಈ ಕತ್ತಿಯ ಕೆಲಸವು ನಡೆಯುತ್ತದೆ. ಐಶ್ವರ್ಯವಂತರ ಮನೆಯಲ್ಲಿ ದೀಪಗಳಿಂದ ಹೊಳೆಯುವ ಆ ಮರದ ಅಂದವೆಲ್ಲಾ ಅನೇಕ ಗಾಯಗಳ ಅಂದವೇ.

ಈ ಸಂಗತಿಯಿಂದ ನಾವು ಕಲಿಯತಕ್ಕದ್ದೇನು?

ಮೊದಲನೆಯದಾಗಿ, ಕತ್ತಿಯು ಬೀಳುವದು ಒಣಗಿದ ಕೊಂಬೆಯ ಮೇಲೆ ಮಾತ್ರವಲ್ಲ. ಹಸುರಾಗಿ, ಬಲವಾಗಿ, ಎಲ್ಲಕ್ಕಿಂತ ಮುಂದೆ ಓಡುವ ಚಿಗುರಿನ ಮೇಲೆಯೇ ಅದು ಹೆಚ್ಚಾಗಿ ಬೀಳುತ್ತದೆ. ಕಣ್ಣಾರೆ ನೋಡುವವನಿಗೆ ಇದು ಅನ್ಯಾಯವೆಂದು ತೋರುವದು. ಆದರೆ ಮರದ ಒಳಗಿನ ಗುಟ್ಟು ಹೀಗಿದೆ: ಚಿಗುರಿನ ತುದಿಯಲ್ಲಿ ಆಕ್ಸಿನ್ ಎಂಬ ಒಂದು ವಸ್ತುವು ಹುಟ್ಟಿ ಕೆಳಗಿಳಿಯುತ್ತಾ, ಕೆಳಗಿರುವ ಮೊಗ್ಗುಗಳು ಏಳದ ಹಾಗೆ ತಡೆಯುತ್ತದೆ. ಕಬ್ಬಿನಲ್ಲಿ ನಮ್ಮ ರೈತರು ಕಣ್ಣು ಎಂದು ಕರೆಯುವಂಥ ಆ ಮೊಗ್ಗುಗಳು ಜೀವವಿದ್ದೂ ನಿದ್ರೆಯಲ್ಲಿರುತ್ತವೆ. ತುದಿಯನ್ನು ಕತ್ತರಿಸಿದ ಕೂಡಲೆ ತಡೆಯು ತಪ್ಪಿ, ನಿದ್ರಿಸುತ್ತಿದ್ದ ಕಣ್ಣುಗಳು ಎಚ್ಚತ್ತು, ಬರಿದಾದ ಸ್ಥಳಗಳು ತುಂಬಿಕೊಳ್ಳುತ್ತವೆ. ಎರೇ ಹೊಲದ ನಮ್ಮ ಜನರಿಗೆ ಇದನ್ನು ಹೆಚ್ಚಾಗಿ ವಿವರಿಸುವ ಅಗತ್ಯವಿಲ್ಲ. ಕಡಲೆಯ ಕುಡಿಯನ್ನು ಚಿವುಟುವ ತಾಯಂದಿರನ್ನು ಕೇಳಿರಿ. ಚೆನ್ನಾಗಿ ಬೆಳೆಯುವ ಕುಡಿಯನ್ನೇ ಚಿವುಟುತ್ತಾರೆ. ಗಿಡವು ಕವಲೊಡೆದು ಹೆಚ್ಚು ಕಾಯಿ ಹಿಡಿಯುತ್ತದೆ. ಒಣಗಿದ ಗಿಡವನ್ನು ಯಾರಾದರೂ ಚಿವುಟುವರೋ?

ನಮ್ಮ ಕರ್ತನು ದ್ರಾಕ್ಷೇ ಬಳ್ಳಿಯನ್ನು ಕುರಿತು ಹೇಳಿದ ಮಾತೂ ಇದೇ ಅಲ್ಲವೇ? ಫಲಕೊಡದ ಕೊಂಬೆಯನ್ನು ತಂದೆಯು ತೆಗೆದುಹಾಕುವನೆಂದು ಹೇಳಿ ಆತನು ಸುಮ್ಮನಿರಲಿಲ್ಲ. ಫಲಕೊಡುವ ಕೊಂಬೆಯ ಮೇಲೆಯೂ ತಂದೆಯ ಕೈಯಿರುವದೆಂದು ತಿಳಿಸಿದನು. ಅಲ್ಲಿ ಬಂದಿರುವ ಗ್ರೀಕ್ ಪದಕ್ಕೆ ಶುದ್ಧಮಾಡುವದು ಎಂಬ ಅರ್ಥವುಂಟು. ಕತ್ತರಿಸುವದೂ ಶುದ್ಧಮಾಡುವದೂ ತಂದೆಯ ಕೈಯಲ್ಲಿ ಒಂದೇ ಕೆಲಸವಾಗಿವೆ. ಆದದರಿಂದ, ಪ್ರಿಯರೇ, ನಿಮ್ಮ ಒಳ್ಳೇ ಕೆಲಸವೇ ತಡೆಯಲ್ಪಟ್ಟಾಗ, ನೀವು ಬಯಸಿದ ಮುಂದಾಳುತನವು ಮತ್ತೊಬ್ಬನಿಗೆ ಹೋದಾಗ, ನಿಮ್ಮ ಸೇವೆಗೆ ಒಂದು ಮೆಚ್ಚಿಕೆಯ ಮಾತೂ ಸಿಗದೆ ಹೋದಾಗ, "ದೇವರು ನನ್ನನ್ನು ಕೈಬಿಟ್ಟನು" ಎಂದು ಕೂಡಲೆ ಹೇಳಬೇಡಿರಿ. ಕೈಬಿಟ್ಟ ಗಿಡಕ್ಕೆ ಯಾರೂ ಕತ್ತಿ ಹಿಡಿದು ಬರುವದಿಲ್ಲ. ನಿಮ್ಮಲ್ಲಿ ನಿದ್ರಿಸುತ್ತಿರುವ ತಾಳ್ಮೆ, ಪ್ರಾರ್ಥನೆ, ಬಡವರ ಮೇಲಿನ ಕರುಣೆ ಎಂಬ ಕಣ್ಣುಗಳು ಈಗ ಎಚ್ಚರವಾಗಬೇಕೆಂಬದು ಆತನ ಚಿತ್ತವಾಗಿರಬಹುದು.

ಎರಡನೆಯದಾಗಿ, ಮರಕ್ಕೆ ನೆತ್ತಿಯು ಒಂದೇ ಇರಬೇಕು. ನೆತ್ತಿಯ ಚಿಗುರನ್ನು ಮೊಟಕು ಮಾಡಿದ ಮೇಲೆ ಅದರ ತುದಿಯ ಹತ್ತಿರದ ಹಲವು ಮೊಗ್ಗುಗಳು ಏಕಕಾಲದಲ್ಲಿ ಏಳುವದುಂಟು. ಒಂದೊಂದೂ ತಾನೇ ನೆತ್ತಿಯಾಗಬೇಕೆಂದು ಮೇಲಕ್ಕೆ ಹೊರಡುತ್ತದೆ. ಹಾಗೆಯೇ ಬಿಟ್ಟರೆ ಮರದ ತಲೆಯು ಪೊರಕೆಯ ಹಾಗೆ ಕವಲಾಗಿ, ನಕ್ಷತ್ರವನ್ನು ಕಟ್ಟುವದಕ್ಕೂ ಸ್ಥಳವಿಲ್ಲದೆ ಹೋಗುವದು. ಅದಕ್ಕಾಗಿ ಜಾಣನಾದ ತೋಟಗಾರನು ಒಳ್ಳೇದಾದ ಒಂದು ಮೊಗ್ಗನ್ನು ಆರಿಸಿ, ಅದರ ಸ್ವಲ್ಪ ಮೇಲೆ ಓರೆಯಾಗಿ ಕತ್ತರಿಸುತ್ತಾನೆ. ಆಗ ಆ ಮೊಗ್ಗೇ ಎಲ್ಲಕ್ಕಿಂತ ಮೇಲಿನದಾಗುತ್ತದೆ. ಆದರೂ ಮರುವರುಷ ಬಂದು ನೋಡಿ, ಪೋಟಿಗೆ ಎದ್ದವುಗಳನ್ನು ತೆಗೆದು, ಒಂದನ್ನೇ ಉಳಿಸುತ್ತಾನೆ.

ನಮ್ಮ ಸಭೆಗಳನ್ನು ನೋಡಿರಿ. ಮೂವತ್ತು ಮನೆಗಳ ಸಭೆಯಲ್ಲಿ ಎಷ್ಟು ನೆತ್ತಿಗಳು! ಒಬ್ಬ ಹಿರಿಯನು ತನ್ನ ಓಣಿಯವರನ್ನು ಕೂಡಿಸಿಕೊಂಡು ಒಂದು ಕಡೆಗೆ ಎಳೆಯುವನು. ಮತ್ತೊಬ್ಬನು ತನ್ನ ಬೀಗರನ್ನು ಕಟ್ಟಿಕೊಂಡು ಇನ್ನೊಂದು ಕಡೆಗೆ ಎಳೆಯುವನು. ಹಬ್ಬದ ಮೆರವಣಿಗೆಯಲ್ಲಿ ಮುಂದೆ ನಡೆಯುವವರು ಯಾರು, ಸುಗ್ಗಿ ಹಬ್ಬದ ಕಾಣಿಕೆಯ ಲೆಕ್ಕವನ್ನು ಬರೆಯುವವರು ಯಾರು ಎಂಬ ವಿಷಯದಲ್ಲಿ ಜಗಳವಾಗಿ, ಒಂದೇ ಪಾತ್ರೆಯಿಂದ ಕರ್ತನ ರಾತ್ರೀಭೋಜನವನ್ನು ತೆಗೆದುಕೊಂಡವರು ಒಬ್ಬರ ಮನೆಯಲ್ಲಿ ಒಬ್ಬರು ನೀರನ್ನೂ ಕುಡಿಯದೆ ಇರುವದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಸಭೆಗೆ ಶಿರಸ್ಸು ಒಬ್ಬನೇ, ಆತನು ಕ್ರಿಸ್ತನು. ಉಪದೇಶಿಯಾಗಲಿ ಹಿರಿಯನಾಗಲಿ ಅಯ್ಯನವರಾಗಲಿ ಆತನ ಕೆಳಗಿನ ಕೊಂಬೆಗಳೇ. ಮನುಷ್ಯನ ಹೃದಯದಲ್ಲಿಯೂ ಹೀಗೆಯೇ ಹಲವು ನೆತ್ತಿಗಳುಂಟು. ಭಾನುವಾರ ಒಂದು, ಸಂತೆಯ ದಿನ ಇನ್ನೊಂದು. ಯಾವದನ್ನು ಉಳಿಸಬೇಕೆಂದು ಈ ಹಬ್ಬದೊಳಗೆ ನಾವು ನಿರ್ಣಯಿಸಿಕೊಳ್ಳೋಣ.

ಮೂರನೆಯದಾಗಿ, ಕತ್ತಿಗೆ ಕಾಲವುಂಟು, ಮಿತಿಯೂ ಉಂಟು. ಇದನ್ನು ಮುಖ್ಯವಾಗಿ ತಂದೆತಾಯಿಗಳೂ ಹಿರಿಯರೂ ನಮ್ಮಂಥ ಉಪದೇಶಿಗಳೂ ಗಮನಿಸಬೇಕು. ಎಲ್ಲಾ ಮರಗಳನ್ನು ಒಂದೇ ಕಾಲದಲ್ಲಿ ಕತ್ತರಿಸಲಾಗದು. ಪೈನ್ ಮರವನ್ನು ಬೇಸಿಗೆಯ ಮೊದಲಲ್ಲಿ, ಅಲ್ಲಿಯ ಜೂನ್ ತಿಂಗಳಿನ ಸುಮಾರಿಗೆ, ಹೊಸ ಚಿಗುರು ಇನ್ನೂ ಮೆತ್ತಗಿರುವ ಕೆಲವೇ ವಾರಗಳೊಳಗೆ ಕತ್ತರಿಸಬೇಕು. ಆಗ ಮಾತ್ರ ಗಾಯದ ತುದಿಯಲ್ಲಿ ಹೊಸ ಮೊಗ್ಗುಗಳು ಹುಟ್ಟುತ್ತವೆ. ಚಿಗುರು ಗಟ್ಟಿಯಾದ ಮೇಲೆ ಕತ್ತರಿಸಿದರೆ ಅಲ್ಲಿ ಒಳ್ಳೇ ಮೊಗ್ಗುಗಳು ಹುಟ್ಟುವದಿಲ್ಲ. ಎಲೆಯಿಲ್ಲದ ಹಳೇ ಕಟ್ಟಿಗೆಯ ತನಕ ಕತ್ತಿಯು ಹೋದರಂತೂ ಆ ಕೊಂಬೆಯು ತಿರಿಗಿ ಚಿಗುರದೆ ಸಾಯುತ್ತದೆ. ಫರ್ ಮರದ ರೀತಿಯು ಬೇರೆ. ಅದರ ಚಿಗುರಿನ ಉದ್ದಕ್ಕೂ ಮೊಗ್ಗುಗಳಿರುವದರಿಂದ, ಆ ವರುಷದ ಬೆಳವಣಿಗೆಯು ಗಟ್ಟಿಯಾಗುವ ತನಕ ಕಾದು, ಜುಲೈ ತಿಂಗಳು ಕಳೆಯುತ್ತಾ ಬರುವಾಗ ಕತ್ತರಿಸಲಾರಂಭಿಸುತ್ತಾರೆ. ಒಂದಕ್ಕೆ ತಡಮಾಡಬಾರದು, ಇನ್ನೊಂದಕ್ಕೆ ಅವಸರಪಡಬಾರದು. ಮರದ ಜಾತಿಯನ್ನು ಅರಿಯದವನ ಕೈಗೆ ಯಾವ ಯಜಮಾನನೂ ಕತ್ತಿಯನ್ನು ಕೊಡುವದಿಲ್ಲ. ಇನ್ನೂ ಒಂದು ಮಾತುಂಟು. ಕತ್ತಿ ಬೀಸುವ ಕೂಲಿಯವನು ತನ್ನ ಕಾಲಿಗೆ ರಕ್ಷೆಯನ್ನು ಕಟ್ಟಿಕೊಳ್ಳುತ್ತಾನೆ. ಯಾಕಂದರೆ ಗುರಿತಪ್ಪಿದ ಅಲಗು ಬೀಸಿದವನನ್ನೇ ಕಡಿಯುವದು.

ಪ್ರಿಯರೇ, ಇದನ್ನು ಓದಿದಾಗ ನಮ್ಮ ಮನಸ್ಸು ನಮ್ಮನ್ನು ಚುಚ್ಚಿತು. ಕೆಲವು ವರುಷಗಳ ಹಿಂದೆ ನಾವು ಒಂದು ಹಳ್ಳಿಯಲ್ಲಿ ಸೇವೆ ಮಾಡುತ್ತಿರುವಾಗ ಅಲ್ಲಿ ಹದಿನೇಳು ವರುಷದ ಒಬ್ಬ ಹುಡುಗನಿದ್ದನು. ಒಳ್ಳೇ ಸ್ವರ, ಹಾರ್ಮೋನಿಯಂ ಬಾರಿಸುವದನ್ನು ತಾನಾಗಿಯೇ ಕಲಿತಿದ್ದನು. ಕೂಲಿಯಿಂದ ಬಂದ ಮೇಲೆ ಚಿಕ್ಕ ಮಕ್ಕಳನ್ನು ಕೂಡಿಸಿ ಹಾಡು ಕಲಿಸುತ್ತಿದ್ದನು. ಸ್ವಲ್ಪ ಹೆಮ್ಮೆಯೂ ಅವನಲ್ಲಿ ಬೆಳೆಯಿತು. ಹಿರಿಯರ ಮಾತಿಗೆ ಎದುರುತ್ತರ ಕೊಡಲಾರಂಭಿಸಿದನು. ನಾವು ಅದನ್ನು ತಿದ್ದಬೇಕೆಂದು ಯೋಚಿಸಿ, ಕ್ರಿಸ್ಮಸ್ ಹಬ್ಬದ ಆರಾಧನೆಯು ಮುಗಿದ ಮೇಲೆ, ಸಭೆಯೆಲ್ಲಾ ಕುಳಿತಿರುವಾಗಲೇ, ಅವನನ್ನು ಎಬ್ಬಿಸಿ ನಿಲ್ಲಿಸಿ ಗದರಿಸಿದೆವು. ನಾವು ಆಡಿದ ಮಾತುಗಳಲ್ಲಿ ಸುಳ್ಳಿರಲಿಲ್ಲ. ಹುಡುಗನು ಉತ್ತರ ಕೊಡಲಿಲ್ಲ. ಹಾರ್ಮೋನಿಯಂ ಪೆಟ್ಟಿಗೆಯನ್ನು ಮುಚ್ಚಿ ಹೊರಗೆ ಹೋದನು. ಆ ಮೇಲೆ ಮೂರು ವರುಷ ದೇವಾಲಯದ ಹೊಸ್ತಿಲನ್ನು ತುಳಿಯಲಿಲ್ಲ. ಮಕ್ಕಳ ಹಾಡೂ ನಿಂತುಹೋಯಿತು.

ಒಂದು ದಿನ ಅವನ ತಾಯಿಯು ನಮಗೆ, "ಮಾಸ್ತರರೇ, ನೀವು ಹೇಳಿದ್ದು ತಪ್ಪಲ್ಲ. ಆದರೆ ಮನೆಗೆ ಬಂದು ಹೇಳಿದ್ದರೆ ನನ್ನ ಮಗನು ಕೇಳುತ್ತಿದ್ದನು," ಎಂದು ಹೇಳಿದಳು. ಆ ವಿಧವೆಯು ಓದು ಬಾರದವಳು. ದೈವಜ್ಞಾನ ಶಾಲೆಯಲ್ಲಿ ಕಲಿತ ನಮಗೆ ತಿಳಿಯದ ಸಂಗತಿಯು ಅವಳಿಗೆ ತಿಳಿದಿತ್ತು. ನಾವು ಚಿಗುರನ್ನು ಕತ್ತರಿಸುವ ಬದಲಾಗಿ ಹಳೇ ಕಟ್ಟಿಗೆಯ ತನಕ ಕತ್ತಿಯನ್ನು ಇಳಿಸಿಬಿಟ್ಟಿದ್ದೆವು. ಮಕ್ಕಳು ಮನಗುಂದದಂತೆ ಅವರನ್ನು ಕೆಣಕಬಾರದೆಂದು ಅಪೊಸ್ತಲನಾದ ಪೌಲನು ಕೊಲೊಸ್ಸೆಯ ಸಭೆಯ ತಂದೆಗಳಿಗೆ ಬರೆದದ್ದನ್ನು ನಾವು ಎಷ್ಟು ಸಾರಿ ಬೋಧಿಸಿರಲಿಲ್ಲ! ಆ ಸಾಯಂಕಾಲವೇ ಹುಡುಗನ ಬಳಿಗೆ ಹೋಗಿ ಕ್ಷಮೆಯನ್ನು ಬೇಡಿದೆವು. ಅವನು ಕೂತುಕೊಳ್ಳಲು ಚಾಪೆ ಹಾಸಿ ಚಹಾ ಕೊಟ್ಟನು, ಬರುತ್ತೇನೆಂದು ಹೇಳಲಿಲ್ಲ. ಕಳೆದ ಹಬ್ಬದ ರಾತ್ರಿಯಲ್ಲಿ ಹಾಡು ನಡೆಯುತ್ತಿರುವಾಗ ಅವನು ಹೊರಗೆ ಬೇವಿನ ಮರದ ಕೆಳಗೆ ನಿಂತಿದ್ದನೆಂದು ಕೇಳಿದ್ದೇವೆ. ಅವನಿಗಾಗಿ ನೀವೂ ಪ್ರಾರ್ಥನೆ ಮಾಡಿರಿ. ಮಕ್ಕಳನ್ನು ತಿದ್ದುವವರೇ, ತಿದ್ದಲೇಬೇಕು. ಬಿಟ್ಟ ಗಿಡವು ತಾನಾಗಿ ನೆಟ್ಟಗಾಗುವದಿಲ್ಲ. ಆದರೆ ಎಳೆಯದಿರುವಾಗ, ಏಕಾಂತದಲ್ಲಿ, ಆ ಮಗುವಿನ ಸ್ವಭಾವವನ್ನು ಅರಿತು, ತಿರಿಗಿ ಚಿಗುರುವದಕ್ಕೆ ಒಂದು ಕಣ್ಣನ್ನಾದರೂ ಉಳಿಸಿ ತಿದ್ದಿರಿ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳುವದು ಅವಶ್ಯ. ನಮಗೆ ಬರುವ ಎಲ್ಲಾ ಗಾಯಗಳೂ ತಂದೆಯ ಕತ್ತಿಯಿಂದಲೇ ಆದವುಗಳೆಂದು ಹೇಳಬಾರದು. ಮರಗಳ ಹೊಲದಲ್ಲಿಯೂ ಹುಳವುಂಟು, ಬೇರಿನ ಕೊಳೆ ರೋಗವುಂಟು, ಕುಡಿಯನ್ನು ತಿಂದುಹೋಗುವ ಜಿಂಕೆಗಳುಂಟು. ತೋಟಗಾರನು ಅವುಗಳನ್ನು ತನ್ನ ಕೆಲಸವೆಂದು ಎಣಿಸದೆ, ಅವುಗಳಿಂದ ಮರವನ್ನು ಕಾಯುತ್ತಾನೆ. ಹೊಲಸು ನೀರಿನಿಂದ ಮಗುವಿಗೆ ಬೇನೆ ಬಂದರೆ ಆಸ್ಪತ್ರೆಗೆ ಕರಕೊಂಡು ಹೋಗಿರಿ, ಬಾವಿಯನ್ನು ಶುದ್ಧಮಾಡಿರಿ. ಕುಡುಕನಾದ ಗಂಡನು ಹೊಡೆದರೆ ಅದು ದೇವರ ತಿದ್ದುಪಾಟೆಂದು ಯಾವ ಹೆಂಗಸಿಗೂ ಹೇಳಬೇಡಿರಿ. ಸಾಹುಕಾರನು ಸುಳ್ಳು ಲೆಕ್ಕ ಬರೆದರೆ ಅದು ಸಾಹುಕಾರನ ಪಾಪವೇ. ತಂದೆಯ ಕೈಯು ಯಾವದು, ಜಿಂಕೆಯ ಹಲ್ಲು ಯಾವದು ಎಂಬದನ್ನು ಗುರುತಿಸುವ ವಿವೇಕವನ್ನು ನಾವು ಬೇಡಿಕೊಳ್ಳಬೇಕು. ಕಡಿಯಲ್ಪಟ್ಟ ಸ್ಥಳವನ್ನೂ ಗುಣಪಡಿಸುವದಕ್ಕೆ ಆತನು ಶಕ್ತನೆಂಬದು ನಮ್ಮ ನಂಬಿಕೆ. ಎಲ್ಲವನ್ನು ಆತನೇ ಕಡಿದನೆಂಬದು ನಂಬಿಕೆಯಲ್ಲ.

ಯಾವ ಸಾಮ್ಯವೂ ಕಡೇ ತನಕ ನಡೆಯುವದಿಲ್ಲ. ಆ ತೋಟಗಾರನು ಮರವನ್ನು ಅಂದಗೊಳಿಸುವದು ಮಾರುವದಕ್ಕೋಸ್ಕರ. ಹಬ್ಬ ಬಂದಾಗ ಅದನ್ನು ಬುಡಸಹಿತ ಕಡಿಯುವನು. ಕೆಲವು ವಾರಗಳಾದ ಮೇಲೆ ಅದು ಬೀದಿಗೆ ಬೀಳುವದು. ನಮ್ಮ ತಂದೆಯು ಹಾಗೆ ಮಾಡುವವನಲ್ಲ. ಆತನು ನಮ್ಮನ್ನು ಸಂತೆಗೆ ಬೆಳಿಸುವದಿಲ್ಲ. ಎಲ್ಲರನ್ನು ಒಂದೇ ಅಳತೆಗೆ ತರಬೇಕೆಂಬದೂ ಆತನ ಮನಸ್ಸಲ್ಲ; ಮೂರರಲ್ಲಿ ಎರಡು ಪಾಲು ಅಗಲವೆಂಬ ಲೆಕ್ಕವು ಆತನಲ್ಲಿಲ್ಲ. ಕುಂಟನ ಆರಾಧನೆಯನ್ನೂ ತೊದಲುವವನ ಹಾಡನ್ನೂ ಆತನು ಸಂತೋಷದಿಂದ ಸ್ವೀಕರಿಸುತ್ತಾನೆ.

ಇದಕ್ಕೆ ಗುರುತೇನಂದರೆ, ನಾವು ಯಾರ ಹಬ್ಬಕ್ಕಾಗಿ ಮರವನ್ನು ಅಂದಗೊಳಿಸುತ್ತೇವೋ ಆತನೇ. ಪ್ರವಾದಿಯಾದ ಯೆಶಾಯನು ಆತನನ್ನು ಒಣನೆಲದಲ್ಲಿ ಎದ್ದ ಎಳೆಯ ಸಸಿಗೆ ಹೋಲಿಸಿ, ನೋಡುವವರ ಮನಸ್ಸನ್ನು ಎಳೆಯುವ ಅಂದವೂ ಆತನಲ್ಲಿ ಇರಲಿಲ್ಲವೆಂದು ಬರೆದನು. ಆತನು ಹುಟ್ಟಿದ್ದು ದನದ ಕೊಟ್ಟಿಗೆಯಲ್ಲಿ, ಬೆಳೆದದ್ದು ಬಡಗಿಯ ಮನೆಯಲ್ಲಿ. ಕತ್ತಿಯು ಆತನ ಮೇಲೆ ಬಿದ್ದದ್ದು ಆತನಲ್ಲಿ ತಿದ್ದತಕ್ಕದ್ದು ಇದ್ದದರಿಂದಲ್ಲ, ನಮಗೋಸ್ಕರವೇ ಬಿದ್ದಿತು. ಮರದ ಮೇಲೆ ತೂಗಹಾಕಲ್ಪಟ್ಟ ಆತನ ಗಾಯಗಳಿಂದಲೇ ನಮಗೆ ಸ್ವಸ್ಥತೆಯಾಯಿತು. ಆದದರಿಂದ ನಮ್ಮ ತೋಟಗಾರನು ಕತ್ತಿಯ ಹರಿತವನ್ನು ಅರಿಯದವನಲ್ಲ. ಕತ್ತಿ ಹಿಡಿದ ಆತನ ಕೈಯನ್ನು ನೋಡಿರಿ; ಆ ಕೈಯಲ್ಲಿಯೂ ಗಾಯದ ಗುರುತುಂಟು.

ಈ ಸಾರಿ ನಿಮ್ಮ ದೇವಾಲಯದ ಮೂಲೆಯಲ್ಲಿ ಸರ್ವೆ ಕೊಂಬೆಯನ್ನು ನಿಲ್ಲಿಸುವಾಗ, ಅದು ಬಾಗಿದೆ ಎಂದು ನಾಚಿಕೊಳ್ಳಬೇಡಿರಿ. ಆ ಚಿಕ್ಕ ಹುಡುಗಿಗೆ ನಾವು ಹೇಳುವ ಉತ್ತರವು ಇದೇ: "ಇಲ್ಲ, ಮಗಳೇ, ಯಾವ ಮರವೂ ಗೋಪುರದ ಹಾಗೆ ಹುಟ್ಟುವದಿಲ್ಲ, ಯಾರೋ ಒಬ್ಬನು ವರುಷ ವರುಷವೂ ಅದರ ಸುತ್ತಲೂ ನಡೆದಿದ್ದಾನೆ." ನಿಮ್ಮ ಸುತ್ತಲೂ ಹಾಗೆಯೇ ಒಬ್ಬನು ನಡೆಯುತ್ತಿದ್ದಾನೆ. ಹಬ್ಬದ ದಿನ ಒಳಗೆ ಬರುವದಕ್ಕೆ ಮುಂಚೆ ಬಾಗಲಿನ ಹೊರಗೆಯೂ ಒಮ್ಮೆ ನೋಡಿರಿ. ಬೇವಿನ ಮರದ ಕೆಳಗೆ ಯಾವನಾದರೂ ನಿಂತಿದ್ದರೆ, ಹೋಗಿ ಅವನ ಕೈಹಿಡಿದು ಒಳಕ್ಕೆ ಕರತನ್ನಿರಿ.

ತಂದೆಯೇ, ನಮ್ಮಲ್ಲಿ ಹೆಚ್ಚಾಗಿ ಚಾಚಿದ್ದನ್ನು ನಿನ್ನ ಸ್ವಂತ ಕೈಯಿಂದಲೇ ತೆಗೆ. ನಮ್ಮ ಕೈಯ ಕತ್ತಿಗೆ ಕಾಲವನ್ನೂ ಮಿತಿಯನ್ನೂ ಕಲಿಸು. ನಾವು ಗಾಯಪಡಿಸಿದವರನ್ನು ತಿರಿಗಿ ಚಿಗುರಮಾಡು. ಕರ್ತನಾದ ಯೇಸು ಕ್ರಿಸ್ತನ ಮೂಲಕ ಬೇಡುತ್ತೇವೆ. ಆಮೆನ್.